ಸಂಬಳಕ್ಕೆ ಶಿಲಾಫಲಕವಿಲ್ಲ: ನಿಧಿ ಸಮಿತಿಗೆ ಗೋರೆಗಾಂವ್‌ನಿಂದ ಒಂದು ಬಹಿರಂಗ ಪತ್ರ

ಕಾಲೇಜು ನಿಧಿ ಸಂಗ್ರಹ ಸಮಿತಿಯ ಗೌರವಾಧ್ಯಕ್ಷರಿಗೆ, ಅಧ್ಯಕ್ಷರಿಗೆ, ಕಾರ್ಯಾಧ್ಯಕ್ಷರಿಗೆ, ಸಾಲಾಗಿ ನಿಂತ ಉಪಾಧ್ಯಕ್ಷರಿಗೆ ಮತ್ತು ಹುಡುಕಿದರೆ ಸಿಗಬಹುದಾದ ಸದಸ್ಯರಿಗೆ,



ತಾವು ಊರಿನಿಂದ ಮತ್ಸ್ಯಗಂಧಾ ರೈಲು ಹತ್ತಿ ಮುಂಬಯಿಗೆ ಬಂದು, ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಇಸ್ತ್ರಿ ಕೆಡಿಸಿಕೊಂಡು, ನಮ್ಮ ಸೊಸೈಟಿಯ ವಾಚ್‌ಮನ್ನನ ರಿಜಿಸ್ಟರಿನಲ್ಲಿ ‘ಭೇಟಿಯ ಉದ್ದೇಶ’ ಎಂಬಲ್ಲಿ ‘ದೇವರ ಕೆಲಸ’ ಎಂದು ಬರೆದು ಒಳಬಂದದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ತಾವು ಬಿಟ್ಟುಹೋದ ವಿನಂತಿ ಪತ್ರವನ್ನು ಓದಿದೆ. ಎಂಟು ಪುಟ, ಆರ್ಟ್ ಪೇಪರು, ನಾಲ್ಕು ಬಣ್ಣ. ಕಾಲೇಜು ಕಷ್ಟದಲ್ಲಿದೆ ಎಂಬುದನ್ನು ಇಷ್ಟು ದುಬಾರಿ ಕಾಗದದಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೆ ಹತ್ತು ಕಾಲೇಜುಗಳವರು ಇದು ತಮಗೇ ಬರೆದದ್ದು ಎಂದುಕೊಳ್ಳುತ್ತಾರೆ, ಅದು ಒಳ್ಳೆಯದೇ.

ಮೊದಲಿಗೆ ನಿಮ್ಮ ಧೈರ್ಯವನ್ನು ಮೆಚ್ಚಬೇಕು. ಗೋರೆಗಾಂವ್‌ನಲ್ಲಿ ನಿಮ್ಮ ಕಾಲೇಜಿನಂತೆ ಸಭೆಯ ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು ಇಲ್ಲದಿಲ್ಲ. ಆರೆ ರಸ್ತೆಯಲ್ಲಿ ಸೇಂಟ್ ಪಯಸ್ ಟೆಂತ್ ಇದೆ, ಆದರೆ ಅದು ಕಥೋಲಿಕರದು. ನೀವು ಹುಡುಕಿ ಬಂದ ಲೂಥರನ ಕಡೆಯ ಪ್ರಾಟೆಸ್ಟೆಂಟರು ಈ ಉಪನಗರದಲ್ಲಿ ಬೆರಳೆಣಿಕೆ. ಮಂಗಳೂರಿನ ಬಲ್ಮಠದ ನೆನಪು ಇಟ್ಟುಕೊಂಡ ನಮ್ಮಂಥ ಬಾಸೆಲ್ ಮಿಶನ್ ಮನೆತನದವರು ಇನ್ನೂ ಕಡಿಮೆ. ಬಾಸೆಲ್ ಮಿಶನ್ ಅಪ್ಪಟ ಲೂಥರನ್ ಅಲ್ಲ, ವ್ಯುರ್ಟೆಂಬೆರ್ಗಿನ ಲೂಥರನ್ನರೂ ಸ್ವಿಟ್ಜರ್ಲೆಂಡಿನ ಸುಧಾರಿತ ಸಭೆಯವರೂ ಕೂಡಿ ಕಟ್ಟಿದ್ದು ಎಂದು ನಿಮ್ಮಲ್ಲೊಬ್ಬರು ಕೊಂಕು ತೆಗೆಯುತ್ತಾರೆಂದು ಬಲ್ಲೆ. ಚಂದಾ ಕೇಳಲು ಬಂದಾಗ ಈ ವ್ಯತ್ಯಾಸವನ್ನು ನೀವೂ ಎತ್ತಲಿಲ್ಲ, ನಾನೂ ಎತ್ತುವುದಿಲ್ಲ.

ಇನ್ನು ಸ್ಪರ್ಧೆಯ ವಿಚಾರ. ಕರಾವಳಿಯಲ್ಲಿ ಯಾವ ದೇವಸ್ಥಾನಕ್ಕೆ ಬ್ರಹ್ಮಕಲಶವಾದರೂ, ಯಾವ ಶಾಲೆಗೆ ಶತಮಾನೋತ್ಸವವಾದರೂ, ಯಾವ ಭಜನಾ ಮಂದಿರಕ್ಕೆ ಹೊಸ ಮಾಡು ಹಾಕಿಸಬೇಕಾದರೂ ಮೊದಲು ಹುಟ್ಟುವುದು ಒಂದು ‘ಮುಂಬಯಿ ಸಮಿತಿ’. ರಸೀದಿ ಪುಸ್ತಕ ಅಚ್ಚಾದ ಮೇಲೆ ಉಳಿದ ಯೋಜನೆ. ಹೋಟೆಲಿನ ಗಲ್ಲಾದಲ್ಲಿ ಕುಳಿತ ಧಣಿ, ಬಂದವರ ಕೈಯಲ್ಲಿ ಶಾಲು ಹಣ್ಣುಬುಟ್ಟಿ ಕಂಡ ಕೂಡಲೇ ಡ್ರಾಯರಿಗೆ ಕೈ ಹಾಕುತ್ತಾರೆ. ಊರು ಬಿಟ್ಟವನ ಮೇಲೆ ಊರಿನ ಒಂದು ಋಣವಿದೆಯಲ್ಲ, ಅದನ್ನು ತೀರಿಸಿಕೊಳ್ಳಲು ಇರುವ ಸುಲಭ ದಾರಿ ರಸೀದಿ. ಈ ಮಾರುಕಟ್ಟೆಗೆ ಪ್ರಾಟೆಸ್ಟೆಂಟರು ತಡವಾಗಿ ಬಂದಿದ್ದಾರೆ, ಆದರೆ ಕಲಿಯುವ ವೇಗ ನೋಡಿದರೆ ಹೆಮ್ಮೆಯಾಗುತ್ತದೆ.

ಅದಕ್ಕೆ ಸಾಕ್ಷಿ ನಿಮ್ಮ ಆರನೆಯ ಪುಟದ ದರಪಟ್ಟಿ. ಮಹಾದ್ವಾರಕ್ಕೆ 25 ಲಕ್ಷ, ಸಭಾಂಗಣಕ್ಕೆ ಒಂದು ಕೋಟಿ, ತರಗತಿ ಕೋಣೆಗೆ 10 ಲಕ್ಷ, ಕಾರಂಜಿಗೆ 5 ಲಕ್ಷ, ಕಲ್ಲುಬೆಂಚಿಗೆ 15 ಸಾವಿರ. ಎಲ್ಲದರ ಮೇಲೂ ದಾನಿಯ ಹೆಸರು ಕೆತ್ತಲಾಗುವುದು. ಬೆಂಚಿನ ಮೇಲೆ ಕೂತವರ ಬೆನ್ನಿಗೆ ಹೆಸರು ಮರೆಯಾಗದಂತೆ ಎತ್ತರದಲ್ಲಿ ಕೆತ್ತಲಾಗುವುದು ಎಂಬ ಟಿಪ್ಪಣಿಯಂತೂ ಕರುಣೆಯಿಂದಲೇ ಬರೆದದ್ದು.

ಈ ಪಟ್ಟಿಯನ್ನು ಓದುತ್ತಿದ್ದಂತೆ, ನಿಮ್ಮ ವಿನಂತಿ ಪತ್ರದ ಮೊದಲ ಪುಟದಲ್ಲಿ ಬಾಗಿಲಿಗೆ ಮೊಳೆ ಹೊಡೆಯುತ್ತಿರುವ ಆ ಸಂನ್ಯಾಸಿಯ ಚಿತ್ರದ ಕಡೆ ಮತ್ತೆ ಮತ್ತೆ ಕಣ್ಣು ಹೋಯಿತು. ಪಾಪ, ಅವನನ್ನು ಯಾಕೆ ಎಳೆದು ತಂದಿರಿ? 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಹೊರಡಿಸಿದ 95 ವಾದಗಳು ಬೇರೇನನ್ನು ವಿರೋಧಿಸಿದವು? ಒಂದು ಕಟ್ಟಡ ನಿಧಿಯನ್ನು. ರೋಮಿನಲ್ಲಿ ಸಂತ ಪೇತ್ರನ ಮಹಾದೇವಾಲಯ ಏಳಬೇಕಿತ್ತು, ಹಣ ಬೇಕಿತ್ತು. ಮೈನ್ಸಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿ ಕೊಳ್ಳಲು ಫುಗ್ಗರ್ ಬ್ಯಾಂಕಿನವರಿಂದ ಸಾಲ ಎತ್ತಿದ್ದ. ಪಾಪದ ಶಿಕ್ಷೆ ಮಾಫಿ ಎಂಬ ಕ್ಷಮಾಪಣೆಯ ಚೀಟಿ ಮಾರಿ ಬಂದದ್ದರಲ್ಲಿ ಅರ್ಧ ರೋಮಿಗೆ, ಅರ್ಧ ಆ ಸಾಲಕ್ಕೆ ಎಂದು ಒಪ್ಪಂದವಾಯಿತು. ಟೆಟ್ಸೆಲ್ ಎಂಬ ನುರಿತ ಪ್ರಚಾರಕ ಊರೂರು ತಿರುಗಿದ. ಅವನಿಗೂ ಒಂದು ದರಪಟ್ಟಿ ಇತ್ತು. ರಾಜರಾಣಿಯರಿಗೆ, ಆರ್ಚ್‌ಬಿಷಪ್ಪರಿಗೆ 25 ಬಂಗಾರದ ಗುಲ್ಡೆನ್, ಅಲ್ಲಿಂದ ಕೆಳಕ್ಕೆ ಅಂತಸ್ತಿಗೆ ತಕ್ಕಂತೆ. ಆ ಪಟ್ಟಿಯ ಕೊನೆಯಲ್ಲಿ ಏನಿತ್ತು ಗೊತ್ತೆ? ಕಾಸಿಲ್ಲದವನು ಉಪವಾಸ, ಪ್ರಾರ್ಥನೆ ಮಾಡಿದರೆ ಸಾಕು ಎಂದಿತ್ತು. ನಿಮ್ಮ ಪಟ್ಟಿ 15 ಸಾವಿರದ ಬೆಂಚಿಗೆ ನಿಂತುಬಿಟ್ಟಿದೆ. ಬಡವರ ವಿಷಯದಲ್ಲಿ ಟೆಟ್ಸೆಲ್ ನಿಮಗಿಂತ ಉದಾರಿ.

95 ವಾದಗಳಲ್ಲಿ 86ನೆಯದನ್ನು ಸಮಿತಿಯ ಮುಂದಿನ ಸಭೆಯಲ್ಲಿ ಪ್ರಾರ್ಥನೆಯಾದ ಕೂಡಲೇ ಓದಿಸಬೇಕೆಂದು ಸೂಚಿಸುತ್ತೇನೆ. ಕ್ರಾಸಸ್‌ನಂಥ ಕುಬೇರರನ್ನೂ ಮೀರಿದ ಸಂಪತ್ತು ಇಟ್ಟುಕೊಂಡ ಪೋಪು ಈ ಒಂದು ದೇವಾಲಯವನ್ನು ಬಡ ಭಕ್ತರ ಕಾಸಿನಿಂದ ಕಟ್ಟುವ ಬದಲು ತನ್ನ ಸ್ವಂತ ದುಡ್ಡಿನಿಂದ ಯಾಕೆ ಕಟ್ಟಬಾರದು ಎಂಬ ಪ್ರಶ್ನೆ ಅಲ್ಲಿದೆ. ಚರ್ಚಿನ ಜಾಗಗಳು, ಅಂಗಡಿ ಬಾಡಿಗೆಗಳು, ಪೇಟೆಯ ನಡುಮಧ್ಯದ ಎಕರೆಗಟ್ಟಲೆ ನೆಲ ಇವೆಲ್ಲದರ ಮಾತು ಬಂದಾಗ ನೀವು ಕೆಮ್ಮುತ್ತೀರಲ್ಲ, ಆ ಕೆಮ್ಮು 500 ವರ್ಷ ಹಳೆಯದು.

ಆದರೆ ಲೂಥರನನ್ನು ಪೂರ್ತಿ ಮೇಲಕ್ಕೇರಿಸಲೂ ಮನಸ್ಸು ಬಾರದು. ಅವನು ಪಾಠ ಹೇಳುತ್ತಿದ್ದ ವಿಟ್ಟೆನ್‌ಬೆರ್ಗ್ ವಿಶ್ವವಿದ್ಯಾಲಯಕ್ಕೂ ಅಲ್ಲಿನ ಕೋಟೆಯ ದೇವಾಲಯಕ್ಕೂ ಹಣ ಹರಿಯುತ್ತಿದ್ದ ಮೂಲಗಳಲ್ಲಿ ದೊರೆ ಫ್ರೆಡರಿಕ್ ಕೂಡಿಟ್ಟ ಪವಿತ್ರ ಅವಶೇಷಗಳ ದರ್ಶನವೂ ಒಂದು. ಮೂಳೆ, ಕೂದಲು, ಬಟ್ಟೆಯ ಚೂರು ನೋಡಿ ಕಾಣಿಕೆ ಹಾಕಿದರೆ ಅದಕ್ಕೂ ಕ್ಷಮಾಪಣೆ ಉಂಟು. ಅಂದರೆ ನಮ್ಮ ಸುಧಾರಕನ ಸಂಬಳದಲ್ಲೇ ಅವನು ಬೈದ ದುಡ್ಡಿನ ವಾಸನೆ ಇತ್ತು. ಬೈಯುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ಸಂಬಳ ಕೊಡುವ ಸಂಸ್ಥೆಯ ಬಗ್ಗೆ ಹೀಗೆ ಬರೆಯುವ ಒಬ್ಬ ಪ್ರಾಧ್ಯಾಪಕ ನಿಮ್ಮ ಕಾಲೇಜಿನಲ್ಲಿದ್ದಿದ್ದರೆ ಅವನಿಗೆ ಈ ವೇಳೆಗೆ ಕಾರಣ ಕೇಳಿ ನೋಟೀಸು ಹೋಗಿರುತ್ತಿತ್ತು.

ಇನ್ನು ನಮ್ಮ ಕಡೆಯ ಚರಿತ್ರೆಗೆ ಬರೋಣ, ಯಾಕೆಂದರೆ ನಿಮ್ಮ ವಿನಂತಿ ಪತ್ರದ ಎರಡನೆಯ ಪುಟದಲ್ಲಿ ಅದನ್ನು ಹೂಮಾಲೆ ಹಾಕಿ ಕೂರಿಸಿದ್ದೀರಿ. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1847ರಲ್ಲಿ ಬಲ್ಮಠದಲ್ಲಿ ದೇವಜ್ಞಾನದ ಶಾಲೆ ಶುರುವಾಯಿತು. 1894ರಲ್ಲಿ ಕಿಟೆಲರ ನಿಘಂಟು ಬಂತು. ಎಲ್ಲ ಸರಿ. ಆದರೆ ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂಬ ಒಂದು ಸಾಲು ಇಲ್ಲ. ನಿಧಿ ಸಂಗ್ರಹದ ಪುಸ್ತಿಕೆಯಲ್ಲಿ ಅದೊಂದೇ ಬಿಟ್ಟುಹೋಗಿರುವುದು ಸೋಜಿಗ.

ನಾನೇ ಹೇಳುತ್ತೇನೆ. ಬಾಸೆಲಿನಲ್ಲಿ 1855ರಲ್ಲಿ ‘ಅರ್ಧ ಬಾಟ್ಸೆನ್ ವಂತಿಗೆ’ ಎಂಬುದನ್ನು ಶುರುಮಾಡಿದರು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ರಾಪ್ಪೆನ್, ನಮ್ಮ ಲೆಕ್ಕದಲ್ಲಿ ಪುಡಿಗಾಸು. ಮನೆಗೆಲಸದವಳು, ನೇಯ್ಗೆಯವನು, ರೈತ, ಯಾರಾದರೂ ಕೊಡಬಹುದಾದಷ್ಟು. ಮಿಶನ್ನಿನ ಅಭಿಮಾನಿಗಳು ಮನೆಮನೆಗೆ ಹೋಗಿ ವಾರವಾರ ಎತ್ತಿದರು. ಮಂಗಳೂರಿನ ಹುಡುಗನೊಬ್ಬ ಬಲ್ಮಠದಲ್ಲಿ ಅಕ್ಷರ ಕಲಿತದ್ದರ ಹಿಂದೆ, ಅವನ ಹೆಸರೂ ಗೊತ್ತಿಲ್ಲದ ಯಾವುದೋ ಹಳ್ಳಿಯ ಮುದುಕಿಯ ಐದು ರಾಪ್ಪೆನ್ ಇತ್ತು. ಅವಳ ಹೆಸರಿನ ಒಂದು ಬೆಂಚೂ ಬಲ್ಮಠದಲ್ಲಿಲ್ಲ.

ಆ ಕಾಲವನ್ನೂ ಚಿನ್ನವೆಂದು ತೋರಿಸುವ ಆಸೆ ನನಗಿಲ್ಲ. ಯುರೋಪಿನ ಸಭೆಗಳಲ್ಲಿ ಇಟ್ಟ ಮಿಶನ್ ಕಾಣಿಕೆ ಡಬ್ಬಿಗಳ ಮೇಲೆ ಮಂಡಿಯೂರಿದ ಕಪ್ಪು ಹುಡುಗನ ಬೊಂಬೆ ಇರುತ್ತಿತ್ತು. ಕಾಸು ಹಾಕಿದರೆ ಅದು ತಲೆ ಆಡಿಸಿ ವಂದನೆ ಹೇಳುತ್ತಿತ್ತು. ಈಗ ಅದನ್ನು ವಸ್ತುಸಂಗ್ರಹಾಲಯದಲ್ಲಿ ಕಂಡವರಿಗೆ ಮೈ ಉರಿಯುತ್ತದೆ, ಉರಿಯಲೇಬೇಕು. ಆದರೆ ಕಳೆದ ಸಲ ನೀವು ಇಲ್ಲಿ ನಡೆಸಿದ ‘ದಾನಿಗಳ ಸ್ನೇಹಕೂಟ’ದಲ್ಲಿ, ಶುಲ್ಕ ಕಟ್ಟಲಾರದ ಇಬ್ಬರು ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು, ಅವರ ಅಪ್ಪಂದಿರ ಬಡತನವನ್ನು ಮೈಕಿನಲ್ಲಿ ವಿವರಿಸಿ, ಪ್ರತಿಯೊಬ್ಬ ದಾನಿಗೂ ಬಗ್ಗಿ ಕೈಮುಗಿಸಿದಿರಲ್ಲ, ಆ ಬೊಂಬೆಯನ್ನು ಮರದಿಂದ ಮಾಡಿದ್ದರು ಎಂಬುದೊಂದೇ ನನಗೆ ಕಂಡ ವ್ಯತ್ಯಾಸ.

ಮಿಶನ್ನಿಗೆ ದುಡ್ಡು ಬಂದ ಎರಡನೆಯ ಮೂಲ ದುಡಿಮೆ. ಶೇಂದಿ ಇಳಿಸುತ್ತಿದ್ದ ಬಿಲ್ಲವರು ಕ್ರೈಸ್ತರಾದಾಗ, ಕಸುಬು ಬಿಡಬೇಕೆಂದು ಮಿಶನ್ ಹಟ ಹಿಡಿಯಿತು. ಕಸುಬು ಬಿಟ್ಟವರು ಉಣ್ಣುವುದೇನು? ಮಗ್ಗ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಮಿಶನರಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಕಡಲು ದಾಟಿತು. ಸಭೆ ಬೇಡುವುದರ ಜೊತೆಗೆ ದುಡಿಯಿತು. ಮೊದಲ ಮಹಾಯುದ್ಧ ಬಂದು ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಶಿಬಿರಕ್ಕೆ ಅಟ್ಟಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗೋಡೆ ನಮಗೆ ಉಳಿಯಿತು, ಗಳಿಕೆ ಹೋಯಿತು. ನಮ್ಮ ಸಭಾಸಂಸ್ಥೆಗಳ ಇಂದಿನ ಆಕಾರ ಅಲ್ಲಿಂದ ಬಂದದ್ದು: ಆಸ್ತಿಯುಂಟು, ಆದಾಯವಿಲ್ಲ.

ಶೇಂದಿಯ ಮಾತು ಬಂತಾದ್ದರಿಂದ ಒಂದು ಗುಟ್ಟು. ಗೋರೆಗಾಂವ್‌ನಿಂದ ನಿಮಗೆ ಸಿಕ್ಕ ದೊಡ್ಡ ಚೆಕ್ಕು ಪರ್ಮಿಟ್ ರೂಮ್, ಅಂದರೆ ಬಾರ್, ಇಟ್ಟ ಧಣಿಯೊಬ್ಬರದು, ಅವರು ನಮ್ಮ ಸಭೆಯವರೂ ಅಲ್ಲ. ‘ಮಿಶನ್ ಶಾಲೆಯಲ್ಲಿ ಎರಡಕ್ಷರ ಕಲಿತೆ’ ಎಂದು ಕೊಟ್ಟರು. ಅವರ ಹೆಸರನ್ನು ಫಲಕದಲ್ಲಿ ಹಾಕುವುದೋ ಬಿಡುವುದೋ ಎಂದು ನಿಮ್ಮ ಉಪಸಮಿತಿ ಎರಡು ಸಲ ಕೂತಿತಂತೆ. ಅಂಜಬೇಡಿ. ಲೂಥರನ ಹೆಂಡತಿ ಕಥರೀನಾ ಫಾನ್ ಬೋರಾ ಮನೆಯಲ್ಲೇ ಬಿಯರ್ ಮಾಡುತ್ತಿದ್ದಳು, ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಊಟ ಹಾಕಿ ಸಂಸಾರ ತೂಗಿಸುತ್ತಿದ್ದಳು. ವಿಟ್ಟೆನ್‌ಬೆರ್ಗಿನ ದೇವಜ್ಞಾನದಲ್ಲಿ ಅವಳ ಹಂಡೆಯ ಪಾಲೂ ಇದೆ. ಚೆಕ್ಕನ್ನು ನಗದು ಮಾಡಿಕೊಂಡಾಗಿದೆಯಲ್ಲ, ಹೆಸರನ್ನೂ ಹಾಕಿ.

ಈಗ ನನ್ನ ತಕರಾರು. ಎಂಟು ಪುಟಗಳಲ್ಲಿ ಎಲ್ಲಿಯೂ ‘ಸಂಬಳ’ ಎಂಬ ಪದವಿಲ್ಲ. ತಾವು ಚಹಾ ಕುಡಿಯುತ್ತ ದನಿ ತಗ್ಗಿಸಿ ಹೇಳಿದಿರಿ, ಅಧ್ಯಾಪಕರಿಗೆ ನಾಲ್ಕು ತಿಂಗಳಿಂದ ಪೂರ್ತಿ ಕೊಡಲಾಗಿಲ್ಲ, ಗ್ರಂಥಪಾಲಕರು ಬಿಟ್ಟುಹೋದರು, ಹಳೆಯ ಪುಸ್ತಕಗಳಿಗೆ ಗೆದ್ದಲು ಎಂದು. ಹಾಗಾದರೆ ಮಹಾದ್ವಾರ ಯಾಕೆ ಎಂದೆ. ‘ದ್ವಾರಕ್ಕಾದರೆ ಕೊಡುತ್ತಾರೆ, ಸಂಬಳಕ್ಕೆ ಯಾರು ಕೊಡುತ್ತಾರೆ?’ ಎಂದಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸಮಿತಿ ಇನ್ನೊಂದಿರಲಾರದು.

ಮಾತು ಸತ್ಯವೇ. ತಪ್ಪು ನಿಮ್ಮೊಬ್ಬರದಲ್ಲ, ಕೊಡುವ ನಮ್ಮದೂ ಹೌದು. ಹೀಬ್ರೂ ವ್ಯಾಕರಣ ಕಲಿಸಿದ ಒಂದು ಗಂಟೆಗೆ ರಿಬ್ಬನ್ ಕಟ್ಟಿ ಕತ್ತರಿಸಲು ಬರುವುದಿಲ್ಲ. ತಿಂಗಳ ಕೊನೆಯ ದಿನ ಬ್ಯಾಂಕಿಗೆ ಬಿದ್ದ ಸಂಬಳವನ್ನು ಬಿಷಪ್ಪರು ಬಂದು ಆಶೀರ್ವದಿಸಿ ಉದ್ಘಾಟಿಸುವುದಿಲ್ಲ. ಆದ್ದರಿಂದ ದಾನಿಗಳ ಮನೋಧರ್ಮಕ್ಕೆ ತಕ್ಕಂತೆ ಕೆಲವು ಹೊಸ ಅವಕಾಶಗಳನ್ನು ತೆರೆಯಬಹುದು. ‘ಗ್ರೀಕ್ ಅಧ್ಯಾಪಕರ ಜುಲೈ ತಿಂಗಳು, ದಿವಂಗತ ಇಂಥವರ ಸ್ಮರಣಾರ್ಥ’ ಎಂದು ಬರೆದ ಹಿತ್ತಾಳೆಯ ಬಿಲ್ಲೆಯನ್ನು ಆ ತಿಂಗಳಿಡೀ ಅಧ್ಯಾಪಕರ ಕೋಟಿಗೆ ಚುಚ್ಚಬಹುದು. ಭವಿಷ್ಯನಿಧಿಯ ಕಂತಿಗೆ ಶಿಲಾನ್ಯಾಸ ಮಾಡಬಹುದು. ಗೆದ್ದಲಿನ ಔಷಧ ಸಿಂಪಡಿಸುವಾಗ ದೀಪ ಬೆಳಗಿಸಬೇಡಿ, ಪುಸ್ತಕಗಳಿವೆ. ಶೌಚಾಲಯದ ವಾರ್ಷಿಕ ಸ್ವಚ್ಛತೆಯ ವೆಚ್ಚ ವಹಿಸಿದವರ ಭಾವಚಿತ್ರವನ್ನು ಎಲ್ಲಿ ತೂಗುಹಾಕುವುದು ಎಂಬುದನ್ನು ಮಾತ್ರ ಅವರ ಮನೆಯವರೊಡನೆ ಮಾತಾಡಿ ತೀರ್ಮಾನಿಸಿ.

ಕಟ್ಟಡವೇ ಬೇಕು ಎಂಬ ಹಟವಿದ್ದರೆ ನಮ್ಮೂರಲ್ಲಿ ಫಿಲ್ಮ್ ಸಿಟಿ ಇದೆ. ಪ್ಲೈವುಡ್ಡು, ಪ್ಲಾಸ್ಟರಿನಲ್ಲಿ ಗೋಪುರ, ಗಂಟೆ, ಬಣ್ಣದ ಗಾಜು ಸಹಿತ ಕಾಲೇಜು ಎಬ್ಬಿಸುವ ಕೈಗಳು ಅಲ್ಲಿವೆ. ಶಿಲಾನ್ಯಾಸ, ಉದ್ಘಾಟನೆ, ಬೆಳ್ಳಿಹಬ್ಬ ಮೂರನ್ನೂ ಒಂದೇ ದಿನ ಚಿತ್ರೀಕರಿಸಿ ಸಂಜೆಗೆ ಬಿಚ್ಚಬಹುದು. ಸ್ಮರಣ ಸಂಚಿಕೆಗೆ ಫೋಟೋ ಸಿಕ್ಕಿತು, ಅಧ್ಯಾಪಕರ ದುಡ್ಡು ಉಳಿಯಿತು.

ಸಮಿತಿಯ ಕೆಲವರಿಗೆ ಇನ್ನೊಂದು ಆಲೋಚನೆ ಬಂದಿದೆ ಎಂದು ಕೇಳಿದೆ: ಮೈದಾನವನ್ನು ಬಿಲ್ಡರನಿಗೆ ‘ಅಭಿವೃದ್ಧಿ’ಗೆ ಕೊಟ್ಟರೆ ಕಷ್ಟವೆಲ್ಲ ಒಂದೇ ಸಹಿಯಲ್ಲಿ ತೀರುತ್ತದೆಯಂತೆ. ಸಹಿಗೆ ಮುಂಚೆ ಗೋರೆಗಾಂವ್‌ಗೆ ಇನ್ನೊಮ್ಮೆ ಬನ್ನಿ. ಸಿದ್ಧಾರ್ಥ ನಗರದ ಪತ್ರಾ ಚಾಳಿನ 672 ಕುಟುಂಬಗಳು ಪುನರಭಿವೃದ್ಧಿ ಎಂಬ ಮಾತನ್ನು ನಂಬಿ ಮನೆ ಬಿಟ್ಟುಕೊಟ್ಟು, ಹತ್ತು ವರ್ಷಕ್ಕೂ ಮೀರಿ ಕಾದವು. ಅವರಲ್ಲಿ ಯಾರನ್ನಾದರೂ ಕಂಡು ಮಾತಾಡಿ ಹೋಗಿ.

ವಿದೇಶದ ಬಾಗಿಲು ತಟ್ಟುವ ಕಾಲವೂ ಮುಗಿಯಿತು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹೊರದೇಶದ ದೇಣಿಗೆ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ಕೊಡುವವರ ಮನೆಯಲ್ಲೂ ನೀರು ಆರುತ್ತಿದೆ. ಅಮೆರಿಕದಲ್ಲಿ ಡೇನಿಶ್ ಲೂಥರನ್ನರ ಡಾನಾ ಕಾಲೇಜು 2010ರಲ್ಲಿ, ಪೋರ್ಟ್‌ಲೆಂಡಿನ ಕಾಂಕಾರ್ಡಿಯಾ 2020ರಲ್ಲಿ, ಫಿನ್‌ಲೆಂಡಿನಿಂದ ವಲಸೆ ಹೋದವರು 1896ರಲ್ಲಿ ಕಟ್ಟಿದ ಫಿನ್‌ಲಾಂಡಿಯಾ 2023ರಲ್ಲಿ ಮುಚ್ಚಿದವು. ಈ ಯಾವ ಕಾಲೇಜೂ ಕಟ್ಟಡ ಸಾಲದೆ ಮುಚ್ಚಿದ್ದಲ್ಲ. ಬಾಗಿಲು ಹಾಕಿದ ದಿನವೂ ಕಟ್ಟಡಗಳು ಗಟ್ಟಿಯಾಗಿ ನಿಂತಿದ್ದವು.

ಲೂಥರನ ಇನ್ನೊಂದು ಪತ್ರವನ್ನು ನೀವು ಮರೆತಿದ್ದೀರಿ. 1524ರಲ್ಲಿ ಅವನು ಜರ್ಮನಿಯ ಎಲ್ಲ ನಗರಗಳ ಮುಖಂಡರಿಗೆ ಒಂದು ಬಹಿರಂಗ ಪತ್ರ ಬರೆದ, ಶಾಲೆಗಳನ್ನು ನಡೆಸಿ ಎಂದು. ವರ್ಷವರ್ಷವೂ ಬಂದೂಕಿಗೆ, ರಸ್ತೆಗೆ, ಸೇತುವೆಗೆ, ಅಣೆಕಟ್ಟಿಗೆ ಅಷ್ಟೊಂದು ಸುರಿಯುವ ಊರಿಗೆ, ಒಬ್ಬಿಬ್ಬರು ಸಮರ್ಥ ಮೇಷ್ಟರನ್ನು ಇಟ್ಟುಕೊಳ್ಳಲು ಯಾಕೆ ಕೈ ಬರುವುದಿಲ್ಲ ಎಂದು ಕೇಳಿದ. ಹಿಂದೆ ಕ್ಷಮಾಪಣೆ ಚೀಟಿಗೆ, ಪೂಜೆಗಳಿಗೆ ಕಳೆಯುತ್ತಿದ್ದ ದುಡ್ಡು ಈಗ ಉಳಿಯಿತಲ್ಲ, ಅದರಲ್ಲಿ ಒಂದು ಪಾಲನ್ನು ಶಾಲೆಗೆ ಕೊಡಿ ಎಂದ. ಗಮನಿಸಿ, ಅವನು ಕೇಳಿದ್ದು ಮೇಷ್ಟರನ್ನು, ದ್ವಾರವನ್ನಲ್ಲ.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲಿಡೀ ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಶಾಲೆಗೆ ಹೋದ ತಲೆಮಾರು ನಮ್ಮದು. ಆ ಶಾಲೆಗಳು ಎರವಲು ಕೋಣೆಯಲ್ಲಿ, ಬೇರೆಯವರ ಬೆಂಚಿನ ಮೇಲೆ ನಡೆದವು. ದ್ವಾರವಿತ್ತೋ ಇಲ್ಲವೋ ಯಾರಿಗೂ ನೆನಪಿಲ್ಲ. ಕಣ್ಣು ತೂಗುವ ಹುಡುಗರನ್ನು ಎಬ್ಬಿಸಿ ಲೆಕ್ಕ ಹೇಳಿಕೊಟ್ಟ ಮೇಷ್ಟರು ನೆನಪಿದ್ದಾರೆ.

ಲೆಕ್ಕ ಎಂದೆನಲ್ಲ, ಒಂದು ಲೆಕ್ಕ ಕೊಡುತ್ತೇನೆ. ಒಬ್ಬ ಅಧ್ಯಾಪಕರಿಗೆ ತಿಂಗಳಿಗೆ 40,000 ಎಂದಿಟ್ಟುಕೊಳ್ಳಿ, ವರ್ಷಕ್ಕೆ 4,80,000. ಶೇಕಡಾ 7ರ ಬಡ್ಡಿಯಿಂದಲೇ ಇದನ್ನು ಎತ್ತಬೇಕಾದರೆ ಸುಮಾರು 69 ಲಕ್ಷ ಠೇವಣಿ ಬೇಕು. ನಿಮ್ಮ ಸಭಾಂಗಣದ ಒಂದು ಕೋಟಿಯಲ್ಲಿ ಒಬ್ಬ ಅಧ್ಯಾಪಕರು ಕಾಯಂ ಆಗಿ ಬದುಕಿ, ಗೆದ್ದಲಿಗೂ ಔಷಧ ಆಗುತ್ತದೆ. ಠೇವಣಿ ಇಡುವ ಧಣಿ ಸಿಗಲಿಲ್ಲವೇ? ತಿಂಗಳಿಗೆ 100 ರೂಪಾಯಿ ಕೊಡುವ 400 ಮಂದಿ ಸಾಕು. ವಿರಾರಿನಿಂದ ಚರ್ಚ್‌ಗೇಟಿನವರೆಗೆ ಚದುರಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳು, ಅವರ ಮಕ್ಕಳು, ಹಿತೈಷಿಗಳು ಸೇರಿದರೆ 400 ಮಂದಿ ದೊರೆಯಲಾರರೇ? ಇದು ಅರ್ಧ ಬಾಟ್ಸೆನ್ನಿನ ಲೆಕ್ಕವೇ, ಯುಪಿಐ ಬಂದಿದೆ ಅಷ್ಟೆ.

ಇದಕ್ಕೆ ಅಡ್ಡಿ ಒಂದೇ. ವಾರವಾರ, ತಿಂಗಳುತಿಂಗಳು ಕೊಡುವವನು ಲೆಕ್ಕ ಕೇಳುತ್ತಾನೆ. ಒಂದೇ ಸಲ ದ್ವಾರ ಕೊಟ್ಟವನು ಫೋಟೋ ತೆಗೆಸಿಕೊಂಡು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಸಮಿತಿಗಳಿಗೆ ದ್ವಾರ ಯಾಕೆ ಇಷ್ಟ ಎಂಬುದು ಇಲ್ಲಿ ಗೊತ್ತಾಗುತ್ತದೆ. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲಿಫ್ಟಿನವನ ಸಂಬಳಕ್ಕೆ, ನೀರಿನ ಟ್ಯಾಂಕಿಗೆ, ಸಿಂಕಿಂಗ್ ಫಂಡಿಗೆ ತಿಂಗಳ ಬಿಲ್ಲು ಬರುತ್ತದೆ, ಗೊಣಗುತ್ತ ಕಟ್ಟುತ್ತೇವೆ. ವರ್ಷಕ್ಕೊಮ್ಮೆ ಆಡಿಟ್ ಆದ ಲೆಕ್ಕ ಸಾಮಾನ್ಯ ಸಭೆಗೆ ಬರುತ್ತದೆ. ಬಲ್ಬಿಗೆ ಹೆಚ್ಚಾದ 40 ರೂಪಾಯಿಯ ಮೇಲೆ ಒಂದು ಗಂಟೆ ಜಗಳ ನಡೆಯುತ್ತದೆ. ಕಟ್ಟಡ ಇನ್ನೂ ನಿಂತಿರುವುದು ಆ ಜಗಳದಿಂದ. ನಿಮ್ಮ ಕಾಲೇಜಿನ ಕಳೆದ ಮೂರು ವರ್ಷದ ಲೆಕ್ಕಪತ್ರ ಕೇಳಿದಾಗ ‘ನಂಬಿಕೆ ಇರಲಿ’ ಎಂದಿರಿ. ನಂಬಿಕೆಯಿಂದ ಮಾತ್ರವೇ ರಕ್ಷಣೆ ಎಂದು ಲೂಥರ್ ಹೇಳಿದ್ದು ಆತ್ಮದ ವಿಷಯದಲ್ಲಿ, ಖಜಾಂಚಿಯ ವಿಷಯದಲ್ಲಲ್ಲ.

ಆದ್ದರಿಂದ ವಿನಂತಿ ಇಷ್ಟು. ಎಂಟು ಪುಟದ ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸಬೇಡಿ. ಅಧ್ಯಾಪಕರ ಸಂಬಳಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆಯಿರಿ, ಅದರಿಂದ ಬೇರೆ ಯಾವುದಕ್ಕೂ ಒಂದು ರೂಪಾಯಿ ತೆಗೆಯಲಾಗದು ಎಂದು ನಿಯಮ ಬರೆಯಿರಿ. ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಜಮಾ ಖರ್ಚು ಕಳಿಸಿ, ಸಾದಾ ಕಾಗದ ಸಾಕು. ತೆರಿಗೆ ವಿನಾಯಿತಿಯ ರಸೀದಿ ಕೊಡಿ, 2,000ಕ್ಕಿಂತ ಹೆಚ್ಚು ನಗದಿಗೆ ಆ ವಿನಾಯಿತಿ ಇಲ್ಲ ಎಂಬುದನ್ನು ಕೊಡುವವರಿಗೆ ಮೊದಲೇ ತಿಳಿಸಿ. ವಿದ್ಯಾರ್ಥಿಗಳನ್ನು ವೇದಿಕೆ ಹತ್ತಿಸಬೇಡಿ.

ಖಾತೆಯ ಸಂಖ್ಯೆ ಮತ್ತು ಮೂರು ವರ್ಷದ ಆಡಿಟ್ ವರದಿ ಬಂದ ದಿನದಿಂದ ತಿಂಗಳಿಗೆ 500 ರೂಪಾಯಿ ನನ್ನ ಕಡೆಯಿಂದ ಬರುತ್ತದೆ. ಈ ಪತ್ರವನ್ನು ಓದಿದ ಉಳಿದವರೂ ತಮ್ಮ ತಮ್ಮ ಕಾಲೇಜಿನ ಸಮಿತಿಗೆ ಇದೇ ಎರಡು ಕಾಗದ ಕೇಳಲಿ, ಬಂದರೆ ಕೊಡಲಿ.

ಇತಿ ತಮ್ಮ ವಿಶ್ವಾಸಿ,
ಗೋರೆಗಾಂವ್ ಪಶ್ಚಿಮದ ಒಬ್ಬ ಹಳೆಯ ವಿದ್ಯಾರ್ಥಿ